ಅತ್ತಿಗೆ ಕೊಟ್ಟ ಹತ್ತಕ್ಕೆ ಹತ್ತು

ಸೋಮವಾರದಿಂದ ಶ್ರೀನಿವಾಸಪುರದ ಮಾವಿನ ಮಂಡಿಗೆ ಕೆಲಸಕ್ಕೆ ಹೋಗಬೇಕು ಎಂದು ಅತ್ತಿಗೆ ತೀರ್ಮಾನಿಸಿಬಿಟ್ಟಿದ್ದಳು. ಸೀಸನ್ ಶುರುವಾಗಿತ್ತು. ಕಾಯಿ ಆರಿಸುವ ಹೆಂಗಸರ ನಡುವೆ ಅವಳ ಜಾಗ ಹೋದ ವರ್ಷ ಖಾಲಿ ಬಿದ್ದಿತ್ತು. ಈ ವರ್ಷವೂ ಬರದಿದ್ದರೆ ಬೇರೆಯವರನ್ನು ಕೂರಿಸುತ್ತೇನೆ ಎಂದು ಮೇಸ್ತ್ರಿ ಫೋನಿನಲ್ಲಿ ಹೇಳಿದ್ದ. ಅದು ನಿಂತು ಮಾಡುವ ಕೆಲಸವಲ್ಲ. ಬೆಳಗಿನಿಂದ ಸಂಜೆಯವರೆಗೆ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ದಪ್ಪ ಕಾಯಿ, ಸಣ್ಣದು, ಕಲೆ ಬಿದ್ದದ್ದು ಎಂದು ಬೇರೆ ಮಾಡಬೇಕು. ಅವಳ ಬಲತೊಡೆಯ ಮೂಳೆಯೊಳಗೆ ರಾಡ್ ಇತ್ತು.

ಆ ರಾಡ್ ಯಾಕೆ ಬಂತೆಂದು ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಹೋದ ವರ್ಷದ ಸೀಸನ್ನಿನ ಶುರುವಿನಲ್ಲಿ, ಮಂಡಿಯಿಂದ ಊರಿಗೆ ಬರುವ ಷೇರ್ ಆಟೋದಲ್ಲಿ ನಾವಿಬ್ಬರೂ ಒಟ್ಟಿಗೇ ಇದ್ದೆವು. ಅವಳು ಅಂಚಿನಲ್ಲಿ, ನಾನು ಒಳಗೆ. ತೋಪಿನೊಳಗಿಂದ ಕ್ರೇಟು ತುಂಬಿದ ಟ್ರ್ಯಾಕ್ಟರ್ ರಸ್ತೆಗೆ ನುಗ್ಗಿತು. ಆಟೋದವನು ತಿರುಗಿಸಿದ. ಆಟೋ ಅವಳ ಕಡೆಗೆ ವಾಲಿತು. ಏನೋ ಬಿರಿದ ಸದ್ದಾಯಿತು. ಕ್ರೇಟು ಒಡೆಯಿತು ಅಂದುಕೊಂಡೆ. ನಾನು ಬಿದ್ದದ್ದು ಮೆತ್ತಗೆ, ಯಾಕೆಂದರೆ ಬಿದ್ದದ್ದು ಅವಳ ಮೇಲೆ. ನನ್ನ ಬಳೆ ಕೂಡ ಒಡೆಯಲಿಲ್ಲ. ಈಗಲೂ ಕಾಲೇಜಿನಲ್ಲಿ ಪಾಠದ ಮಧ್ಯೆ ಹೊರಗೆಲ್ಲೋ ಟ್ರ್ಯಾಕ್ಟರಿನ ಸದ್ದು ಕೇಳಿದರೆ ನನ್ನ ಭುಜ ತಾನಾಗಿ ಅಂದು ಅವಳು ಕೂತಿದ್ದ ಕಡೆಗೆ ವಾಲುತ್ತದೆ. ಮಕ್ಕಳು ನೋಡುತ್ತಾರೆ. ನಾನು ಸೀಮೆಸುಣ್ಣ ಹುಡುಕುವವಳಂತೆ ಬಗ್ಗುತ್ತೇನೆ.

ಶನಿವಾರ, ಕಾಲೇಜಿನ ಊರಿನಿಂದ ನಾನು ವಾರವಾರವೂ ಬರುವ ದಿನ, ಬೈರಕೂರಿನ ಹತ್ತಿರದ ನಮ್ಮ ಮನೆಗೆ ಆಸ್ಪತ್ರೆಯಿಂದ ಒಬ್ಬ ಹುಡುಗಿ ಬಂದಳು. ಮಾಲೂರಿನ ಕಡೆಯವಳು, ಕೈಯಲ್ಲಿ ಟ್ಯಾಬು. ಮೂಳೆ ಮುರಿದು ಆಪರೇಷನ್ ಆದವರು ಆಮೇಲೆ ಹೇಗಿದ್ದಾರೆ ಎಂಬ ಅಧ್ಯಯನಕ್ಕೆ ಅತ್ತಿಗೆ ಒಪ್ಪಿ ಸಹಿ ಹಾಕಿದ್ದಳು. "ಮೂಳೆ ಕೂಡಿದ್ಯಾ ಅಂತ ಎಕ್ಸ್‌ರೇ ಹೇಳುತ್ತೆ ಅಕ್ಕ. ನಿಮಗೆ ಹೆಂಗಿದೆ ಅಂತ ನೀವೇ ಹೇಳ್ಬೇಕು. ಡಾಕ್ಟ್ರು ಹೇಳಿದ್ರೂ ನಾನು ಬರ್ಕೊಳಲ್ಲ, ಮನೆಯವರು ಹೇಳಿದ್ರೂ ಬರ್ಕೊಳಲ್ಲ" ಎಂದಳು. ಅಣ್ಣ ನರಸಾಪುರದ ಕಂಪನಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನು ಮಲಗದೆ ಗೋಡೆಗೆ ಒರಗಿ ಕೂತಿದ್ದ. ನಾನು ಅತ್ತಿಗೆಯ ಕುರ್ಚಿಯ ಪಕ್ಕ, ಓದಿದವಳು ಜೊತೆಗಿದ್ದರೆ ಅನುಕೂಲ ಎಂದುಕೊಂಡು.

"ಸೊನ್ನೆಯಿಂದ ಹತ್ತರೊಳಗೆ ನಿಮ್ಮ ನೋವಿಗೆ ಎಷ್ಟು ಕೊಡ್ತೀರ?"

"ಹತ್ತಕ್ಕೆ ಹತ್ತು ಹಾಕ್ಕೊಳಮ್ಮ" ಎಂದಳು ಅತ್ತಿಗೆ ಗರ್ವದಿಂದ.

ಹುಡುಗಿ ಗಾಬರಿಯಾದಳು. ಅಣ್ಣ ನಕ್ಕ. "ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ಬರ್ದೇ ಇದ್ದಿದ್ದು ಇವತ್ತು ಬಂತು ನೋಡು."

"ನೀವ್ ಯಾರ ಪೇಪರ್ ನೋಡಿ ಪಾಸಾದ್ರಿ ಅಂತ ಹೇಳ್ಲಾ?" ಎಂದಳು ಅತ್ತಿಗೆ.

"ಅಕ್ಕ, ಇದು ಮಾರ್ಕ್ಸ್ ಅಲ್ಲ. ಸೊನ್ನೆ ಅಂದ್ರೆ ನೋವೇ ಇಲ್ಲ. ಹತ್ತು ಅಂದ್ರೆ ತಡಿಯಕ್ಕೇ ಆಗದಿರೋ ನೋವು."

"ಅಯ್ಯೋ, ಉಲ್ಟಾನಾ? ಸೊನ್ನೆ ತಗೊಂಡ್ರೇನೇ ಪಾಸಾ? ಹಂಗಾದ್ರೆ ಸೊನ್ನೆ ಹಾಕ್ಕೊ."

"ಹೌದು, ಈಗ ಪರವಾಗಿಲ್ಲ. ಚೆನ್ನಾಗೇ ಓಡಾಡ್ತಾರೆ" ಎಂದು ನಾನು ಸೇರಿಸಿದೆ.

"ಮೇಡಂ, ನೀವು ಹೇಳಂಗಿಲ್ಲ" ಎಂದಳು ಹುಡುಗಿ ಮೆತ್ತಗೆ.

ಕುಕ್ಕರಗಾಲಿನಲ್ಲಿ ಕೂರಲು ಆಗುತ್ತದೆಯೇ? ಆಗುತ್ತದೆ. ಮೆಟ್ಟಿಲು? ಆಗುತ್ತದೆ. ಪಾಸಾದರೆ ಮಂಡಿಗೆ ಹೋಗಬಹುದು, ಅಷ್ಟೇ ಅವಳ ಲೆಕ್ಕ. ಪಾಯಖಾನೆಗೆ ಹೋಗುವ ಪ್ರಶ್ನೆ ಬಂದಾಗ ಅವಳು ತಲೆ ತಗ್ಗಿಸಿದಳು. ಹುಡುಗಿ ಅಣ್ಣನನ್ನು ಹೊರಗೆ ಕಳಿಸಿದಳು. ಅತ್ತಿಗೆ ನನ್ನ ಕಡೆ ತೋರಿಸಿ, "ಇವಳೂ ಹೋಗ್ಲಿ" ಎಂದಳು.

"ಯಾಕತ್ತಿಗೆ, ನಾನೇನು ಗಂಡಸಾ?"

"ನೀನಿದ್ರೆ ನನ್ ಬಾಯಲ್ಲಿ ನಿಜ ಬರಲ್ಲ ಕಣೇ. ಕಾಲು ಅಂದ್ರೆ ಸಾಕು, ನಿನ್ ಮಖ ಇನ್ನೂ ಆ ಆಟೋದೊಳಗೇ ಇರೋರ ಥರ ಆಗ್ಬಿಡುತ್ತೆ. ನಿನ್ನ ಸಮಾಧಾನ ಮಾಡ್ಲೋ, ನನ್ ನೋವು ಹೇಳ್ಕೊಳ್ಲೋ?"

ಎದ್ದು ಜಗಲಿಗೆ ಬಂದೆ. ಅಣ್ಣ ಬೇವಿನ ಮರದಡಿ ಯಾರೊಂದಿಗೋ ತೆಲುಗಿನಲ್ಲಿ ಹರಟುತ್ತಿದ್ದ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ದೂರ ಹೋಗಬಹುದಿತ್ತು, ಹೋಗಲಿಲ್ಲ.

ಪಾಯಖಾನೆಯಲ್ಲಿ ಕೂರಲಾಗದೆ, ನಡುವೆ ಕೊರೆದ ಪ್ಲಾಸ್ಟಿಕ್ ಕುರ್ಚಿ ಇಟ್ಟುಕೊಂಡಿದ್ದಾಳಂತೆ. ಪದೇ ಪದೇ ಹೋಗಬೇಕಾಗುತ್ತದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾಳಂತೆ. ನೆಲದಿಂದ ಏಳಬೇಕಾದರೆ ಯಾರೂ ಇಲ್ಲದಾಗ ಗೋಡೆಯವರೆಗೆ ತೆವಳುತ್ತಾಳಂತೆ. ಒಂದೊಂದನ್ನೂ ತರಕಾರಿ ರೇಟು ಹೇಳುವ ದನಿಯಲ್ಲಿ ಹೇಳುತ್ತಿದ್ದಳು. "ಅವಳು ಶನಿವಾರ ಬರೋ ಹೊತ್ತಿಗೆ ಕುರ್ಚಿ ಮೇಲೆ ಕೂತ್ಬಿಟ್ಟಿರ್ತೀನಿ. ಎದ್ದೇಳೋದು ನೋಡಿದ್ರೆ ಅತ್ತುಬಿಡ್ತಾಳೆ. ಅವಳ ಮುಂದೆ ಚೆನ್ನಾಗಿದೀನಿ ಅಂದೂ ಅಂದೂ ಮೇಸ್ತ್ರಿಗೂ ಹಂಗೇ ಅಂದ್ಬಿಟ್ಟೆ."

ನಾನು ಅದನ್ನೇ ನಂಬಿದ್ದೆ. ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ನಗುತ್ತಿದ್ದ ಅತ್ತಿಗೆಯನ್ನು ನೋಡಿ, ಕಾಲೇಜಿನಲ್ಲಿ ಕೇಳಿದವರಿಗೆಲ್ಲ "ಪೂರ್ತಿ ವಾಸಿಯಾಯಿತು" ಎಂದು ಹೇಳಿಕೊಂಡು ತಿರುಗಿದ್ದೆ. ಗಾಯ ಅವಳದು, ಉಪಚಾರ ನನಗೆ. ಬಿದ್ದಾಗ ಒಂದು ಸಲ ಅವಳ ಮೇಲೆ ಬಿದ್ದೆ. ಆಮೇಲೆ ವಾರ ವಾರ ಬಂದು ಬೀಳುತ್ತಿದ್ದೆ.

"ಈಗ ಹೇಳಿ ಅಕ್ಕ, ನೋವು ಎಷ್ಟು?"

"ಕೂತಿದ್ರೆ ಮೂರು ಹಾಕು. ಬಗ್ಗಿಸಿದ್ರೆ ಎಂಟು. ಕುಕ್ಕರಗಾಲಲ್ಲಿ ಕೂರಕ್ಕೆ ಆಗಲ್ಲ."

ಇಷ್ಟು ತಿಂಗಳ ಮೇಲೂ ಎಂಟು ಎಂದರೆ ಡಾಕ್ಟರಿಗೆ ತಿಳಿಸಲೇಬೇಕು, ಸೋಮವಾರ ಕೋಲಾರಕ್ಕೆ ಬನ್ನಿ, ಇನ್ನೊಂದು ಎಕ್ಸ್‌ರೇ ತೆಗೆಯುತ್ತಾರೆ, ಅಲ್ಲಿಯವರೆಗೆ ಆ ಕಾಲಿಗೆ ಭಾರ ಕೊಡಬೇಡಿ ಎಂದಳು ಹುಡುಗಿ.

"ಸೋಮ್ವಾರಾನೇನಾ?"

"ಸೋಮವಾರಾನೇ ಅಕ್ಕ."

ಹುಡುಗಿ ಹೊರಬಂದು ಚಪ್ಪಲಿ ಹಾಕಿಕೊಂಡಳು. ನಾನು ಅವಳ ಮುಖ ನೋಡಲಿಲ್ಲ. ಅವಳ ಸ್ಕೂಟರ್ ತಿರುವು ದಾಟಿದ ಮೇಲೆ ಒಳಗಿನಿಂದ ಅತ್ತಿಗೆ ಮೇಸ್ತ್ರಿಯ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"ಅಣ್ಣ, ಈ ಸಲ ಬರಕ್ಕಾಗಲ್ಲ. ಬೇರೆಯವರ್ನ ಕೂರಿಸ್ಕೊಳಿ. ಕಾಲು ಬಗ್ತಿಲ್ಲ."

ಮಂಡಿಯ ಗದ್ದಲದಲ್ಲಿ ಮೇಸ್ತ್ರಿಗೆ ಕೇಳಿಸಿರಲಿಕ್ಕಿಲ್ಲ. ಅವಳು ಇನ್ನೊಮ್ಮೆ, ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಕಾಲು ಬಗ್ತಿಲ್ಲಣ್ಣ, ನೋವು!" ಬೇವಿನ ಮರದಡಿ ಅಣ್ಣನ ಹರಟೆ ನಿಂತಿತು. ನಾನು ಜಗಲಿಯ ಕಂಬ ಹಿಡಿದುಕೊಂಡು, ಅಳು ಬರದಂತೆ ಹಲ್ಲು ಕಚ್ಚಿಕೊಂಡು, ಅವಳ ಮಾತು ಮುಗಿಯುವವರೆಗೂ ಹೊರಗೇ ನಿಂತಿದ್ದೆ.