ಅವ್ವ ಊರಿದ ಚುಕ್ಕಿಗಳು

ಹುಮನಾಬಾದ್ ಬಸ್ ಸ್ಟ್ಯಾಂಡ್‌ನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಮೂರು ಗಂಟೆಗೆ ಗೈಡ್ ಸರ್ ಜೊತೆ ಆನ್‌ಲೈನ್ ಮೀಟಿಂಗ್. ಎರಡೂಕಾಲಿಗೆ ಗ್ರಾಫ್ ನೋಡಿ ಎದೆ ಧಸಕ್ಕೆಂದಿತು.

ನನ್ನ ಪಿಎಚ್‌ಡಿ ಕೆಲಸ ಇಷ್ಟೇ. ಮಿದುಳಿನ ಜೀವಕೋಶದ ಕವಲುಗಳ ಮೇಲೆ ಮುಳ್ಳಿನಂಥ ಸಣ್ಣ ಸಣ್ಣ ಉಬ್ಬುಗಳಿರುತ್ತವೆ. ಫೋಟೋದಲ್ಲಿ ಒಂದೊಂದರ ಮೇಲೂ ಚುಕ್ಕಿ ಇಟ್ಟು, ಅವು ಮನಬಂದಂತೆ ಕೂತಿವೆಯೋ, ನಡುವೆ ಅಂತರ ಕಾಯ್ದುಕೊಂಡಿವೆಯೋ ಅಂತ ಸ್ಟ್ಯಾಟಿಸ್ಟಿಕಲ್ ಮಾಡೆಲ್ ಹಾಕಿ ನೋಡಬೇಕು.

ಈ ಸಲ ಅಂತರ ಬಹಳ ಸಮವಾಗಿ ಬಂದಿತ್ತು. ಇದು ಹೊಸ ವಿಷಯ, ಪೇಪರ್ ಬರೆಯೋಣ ಅಂತ ಸರ್ ಬೆಳಿಗ್ಗೆಯೇ ಮೆಸೇಜ್ ಮಾಡಿದ್ದರು. ನಾನು ಬಸ್ಸಿನಲ್ಲಿ ಕುಣಿಯುವುದೊಂದು ಬಾಕಿ!

ಈಗ ಫೋಟೋ ಪ್ರಕಾರ ಬೇರೆ ಮಾಡಿ ನೋಡಿದರೆ... ಇಪ್ಪತ್ತರಲ್ಲಿ ಹನ್ನೆರಡರಲ್ಲಿ ಮಾತ್ರ ಅಂತರ ಸಮವಾಗಿದೆ. ಆ ಹನ್ನೆರಡೂ ಅವ್ವ ಗುರುತು ಹಾಕಿದವು.

ಹೋದ ವಾರ ಮಂಠಾಳದ ಮನೆಯಲ್ಲಿದ್ದಾಗ ನನಗೆ ಕಣ್ಣು ಬಂದಿತ್ತು. ಸ್ಕ್ರೀನ್ ನೋಡಿದರೆ ನೀರು ಸುರಿಯುತ್ತಿತ್ತು. ಬೇಳೆಯಲ್ಲಿ ಸಾಸಿವೆಯಷ್ಟು ಕಲ್ಲಿದ್ದರೂ ಹುಡುಕುವ ಕಣ್ಣು ಅವ್ವನದು, ಹಾಗಾಗಿ ಮೌಸ್ ಅವಳ ಕೈಗೆ ಕೊಟ್ಟು ಮುಳ್ಳು ಕಂಡಲ್ಲಿ ಒತ್ತು ಅಂದಿದ್ದೆ.

ಆಮೇಲೆ ತಿರುಗಿ ನೋಡಲಿಲ್ಲ. ಸರ್‌ಗೂ ಹೇಳಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಅವ್ವನಿಗೆ ಫೋನ್ ಮಾಡಿ, ಮುಳ್ಳಿಲ್ಲದ ಕಡೆಯೂ ಚುಕ್ಕಿ ಇಟ್ಟೆಯಾ ಅಂತ ಕೇಳಿದೆ.

"ಅಲ್ಲಲ್ಲಿ ಖಾಲಿ ಇತ್ತಲ್ಲವ್ವಾ. ಹಾಂಗೇ ಬಿಡ್ತಾರೇನು? ನಾನೇ ಊರೀನಿ," ಅಂದಳು.

ಅವ್ವ ಇಪ್ಪತ್ತು ವರ್ಷದಿಂದ ಬೇರೆಯವರ ಹೊಲದಲ್ಲಿ ತೊಗರಿ ಊರುವವಳು. ಮೊಳಕೆ ಬಾರದ ಕಡೆ ಅಳತೆ ನೋಡಿ ಮತ್ತೆ ಬೀಜ ಊರದೆ ಸಾಲು ಬಿಟ್ಟು ಏಳುವವಳಲ್ಲ.

ಬೈಯಬೇಕೆಂದು ಬಾಯಿ ತೆರೆದೆ. "ನಿನ್ನ ಸಾಲಿ ಓದು ಹಾಳಾಯ್ತೇನವ್ವಾ?" ಅಂತ ಅವಳೇ ಸಣ್ಣ ದನಿಯಲ್ಲಿ ಕೇಳಿದಳು. ಇಲ್ಲವ್ವಾ ಅಂದೆ. ನಿಜವೋ ಸುಳ್ಳೋ ನನಗೇ ಗೊತ್ತಿರಲಿಲ್ಲ.

ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಮೂರಕ್ಕೆ ಸರ್‌ಗೆ ಎಲ್ಲ ಹೇಳಿಬಿಟ್ಟೆ. "ಹನ್ನೆರಡನ್ನೂ ನೀವೇ ಮತ್ತೆ ಮಾಡಿ. ಪೇಪರ್ ಮಾತು ಸದ್ಯ ಬೇಡ," ಅಂದು ಕಟ್ ಮಾಡಿದರು.

ಈಗ ಅವ್ವ ಇಟ್ಟ ಚುಕ್ಕಿಗಳನ್ನು ಒಂದೊಂದಾಗಿ ಅಳಿಸುತ್ತಿದ್ದೇನೆ. ಎಷ್ಟು ಚಂದ ಇಟ್ಟಿದ್ದಾಳೆ, ಕೈಯೇ ಮುಂದೆ ಹೋಗುತ್ತಿಲ್ಲ.

ಸಂಜೆ ಫೋನ್ ಮಾಡಿ, ನಾನು ಊರಿದ್ದು ಹಾಂಗೇ ಅದಾವೇನವ್ವಾ ಅಂತ ಕೇಳುತ್ತಾಳೆ... ಏನು ಹೇಳಲಿ, ನೀವೇ ಹೇಳಿ?