ಕಂಬಳಿಯೊಳಗೆ ದೀಪ ಆರಿಸಿಕೊಡುತ್ತಿದ್ದ ಮಲ್ಲಯ್ಯ ಮಾಮ

ತಮಿಳು ಸೀಮೆಯ ಚಿನ್ನಮನೂರು ಬಸ್‌ಸ್ಟ್ಯಾಂಡಿನ ಹಿಂದೆ, ಸುಡುಬಿಸಿಲಿನಲ್ಲಿ ತಲೆತುಂಬ ಕರಿ ಕಂಬಳಿ ಹೊದ್ದು ಕೂತವರನ್ನು ನೀವು ಕಂಡಿದ್ದರೆ ಅದು ನಮ್ಮ ಮಲ್ಲಯ್ಯ ಮಾಮ. ಜ್ವರವೇನಲ್ಲ. ಆಂಪ್ಲಿಫೈಯರ್, ಕೀಬೋರ್ಡ್ ರಿಪೇರಿ ಅವರ ಕಸುಬು. ವಾದ್ಯದ ಗುಂಡಿಗಳ ಮೇಲೆ ಬೆಳಕು ಚೆಲ್ಲುವ ಪುಟ್ಟ ದೀಪಗಳನ್ನು ಕಂಬಳಿಯೊಳಗೆ ಕತ್ತಲು ಮಾಡಿಕೊಂಡೇ, ಯಾವುದು ಸರಿಹೋದೀತೆಂದು ಹಚ್ಚಿ ನೋಡಿ ಆರಿಸಿಕೊಡುತ್ತಿದ್ದರು. ಅಷ್ಟರಲ್ಲಿ ಗಿರಾಕಿಗಳು ಟೀ ಕುಡಿದು ಬರಬಹುದಿತ್ತು.

ಅಮ್ಮನಿಗೆ ದೂರದ ತಮ್ಮ. ಮನೆಯಲ್ಲಿ ನಮ್ಮ ಕನ್ನಡ, ಅಂಗಡಿಯಲ್ಲಿ ತಮಿಳು, ಸಿಟ್ಟು ಬಂದರೆ ಎರಡೂ. ನನಗೆ ಕೀಬೋರ್ಡ್ ಹುಚ್ಚು ಹಿಡಿಸಿದವರೂ ಅವರೇ.

ನಾನು ಮದುವೆಗಳಲ್ಲಿ ನುಡಿಸುವ ತಂಡ ಸೇರಿದ ಹೊಸತು. ಆಯುಧಪೂಜೆಗೆ ಅಮ್ಮ ಕೀಬೋರ್ಡಿನ ಒಂದು ಬಿಳಿ ಗುಂಡಿಗೆ ಕುಂಕುಮ ಇಟ್ಟಿದ್ದಳು. ಅದು ಒತ್ತಿದರೆ ನಾಗಸ್ವರದ ದನಿ ಬರುವ ಗುಂಡಿ. ಅಳಿಸಲು ಮನಸ್ಸಾಗದೆ ಆ ಬೊಟ್ಟನ್ನೇ ಗುರುತು ಮಾಡಿಕೊಂಡೆ. ಆಮೇಲೆ ಶೋಕಿಗೆ ಒಂದು ಕೆಂಪು ದೀಪ ಕೊಂಡು ಸಿಕ್ಕಿಸಿದೆ. ಒಂದು ಆರತಕ್ಷತೆಯಲ್ಲಿ ಹಾರ ಬದಲಿಸುವ ಹೊತ್ತಿಗೆ ಸರಿಯಾಗಿ ಬೊಟ್ಟೇ ಮಾಯ. ಅಂದಾಜಿಗೆ ಒತ್ತಿದೆ, ಹೆಲಿಕಾಪ್ಟರ್ ಸದ್ದು ಬಂತು. ಮದುಮಗ ಮೇಲೆ ನೋಡಿದ. ಮುಂದೆ ಬರಲಿದ್ದ ಕೊಂಬೈ ಊರಿನ ಮದುವೆಯಲ್ಲೂ ತಪ್ಪಿದರೆ ಬೇರೆಯವರನ್ನು ಕೂರಿಸುತ್ತೇನೆ ಎಂದು ತಂಡದ ಯಜಮಾನರು ಖಡಾಖಂಡಿತವಾಗಿ ಹೇಳಿಬಿಟ್ಟರು.

ಅಳುತ್ತಾ ಅಂಗಡಿಗೆ ಹೋದೆ. ಮಾಮ ಬೈಯಲಿಲ್ಲ, ಕೀಬೋರ್ಡಿನ ಜೊತೆ ನನ್ನನ್ನೂ ಕಂಬಳಿಯೊಳಗೆ ಎಳೆದುಕೊಂಡು ಆ ಕೆಂಪು ದೀಪ ಹಚ್ಚಿದರು. ಬೆಳಕಿಗೆ ಅವರು ತಮಿಳಿನ ಹಾಗೆ ವೆಳಿಚ್ಚ ಎನ್ನುವುದು.

"ಕುಂಕುಮದ ಮ್ಯಾಲೆ ಕೆಂಪು ವೆಳಿಚ್ಚ ಬಿದ್ರೆ ಕುಂಕುಮ ಎಂಗೆ ಕಾಣ್ತದೆ ತಾಯಿ? ದೀಪ ನಿನ್ ಮೊಕಕ್ಕಲ್ಲ, ಗುಂಡಿಗೆ."

ಆಮೇಲೆ ಶುರುವಾಯಿತು ನೋಡಿ ಪರೀಕ್ಷೆ. ನೀಲಿಯಲ್ಲಿ ಬೊಟ್ಟು ಕಪ್ಪಾಯಿತು, ಕಣ್ಣೂ ಕುಕ್ಕಿತು. ಬೆಳ್ಳನೆಯದು ಚೆನ್ನಾಗಿತ್ತು, ಆದರೆ ಬೆಳಕು ತಗ್ಗಿಸಿದರೆ ಸ್ಪೀಕರಿನಲ್ಲಿ ಗುಂಯ್ ಎಂದಿತು. ಅದನ್ನು ಮಾಮ ಶತ್ರುವಿನಂತೆ ಆಚೆ ಎಸೆದರು. ಕೊನೆಗೆ ಉಳಿದದ್ದು ಹಳದಿ ಛಾಯೆಯ, ಕಡಲೆಕಾಳಿನಷ್ಟು ದೀಪ; ಅದರಲ್ಲಿ ಬೊಟ್ಟು ಎದ್ದು ಕಂಡಿತು. ಬಗ್ಗುವ ತಂತಿಯ ತುದಿಗೆ ಅದನ್ನು ಕೂರಿಸಿ, ದೀಪ ಯಾರ ಕಣ್ಣಿಗೂ ಬೀಳಬಾರದೆಂದು ಟಾನಿಕ್ ಬಾಟಲಿಯ ಮುಚ್ಚಳವನ್ನು ಮರೆಯಾಗಿ ಹಾಕಿಕೊಟ್ಟರು. ನೋಡಲು ಲಕ್ಷಣವಿರಲಿಲ್ಲ, ನನಗೆ ನಾಚಿಕೆಯೇ ಆಯಿತು.

ಕೊಂಬೈನಲ್ಲಿ ದೀಪಗಳೆಲ್ಲ ಮದುಮಕ್ಕಳ ಕಡೆ ತಿರುಗಿದ್ದವು, ನಾವು ಕತ್ತಲಲ್ಲಿ. ಹಾರ ಎತ್ತಿದರು. ನನ್ನ ಬೆರಳು ನೇರ ಬೊಟ್ಟಿನ ಮೇಲೆ ಬಿತ್ತು, ನಾಗಸ್ವರ ಮೊಳಗಿತು. ಮುದುಕಿಯರು ನಿಜವಾದ ಮೇಳವೇ ಬಂತೆಂದು ಬಾಗಿಲ ಕಡೆ ತಿರುಗಿದರು. ಯಜಮಾನರು ಎಲ್ಲರನ್ನೂ ನಿಲ್ಲಿಸಿ ನನ್ನೊಬ್ಬಳಿಗೇ ಬಿಟ್ಟುಕೊಟ್ಟರು. ಎದೆ ಉಬ್ಬಿಹೋಯಿತು. ಸಂಕೋಚವಿಲ್ಲದೆ ಹೇಳುತ್ತೇನೆ, ಅಂದು ಆ ಮಂಟಪದ ರಾಣಿ ನಾನೇ.

ಮುಗಿದ ಮೇಲೆ, ಮದುವೆಗೆ ಬಂದಿದ್ದ ಮಾಮ ಹತ್ತಿರ ಬಂದು ದೀಪ ಹೇಗಿತ್ತು ಎಂದರು.

"ದೀಪಾನ? ಮರ್ತೇ ಓದ್ನಿ ಮಾಮ."

"ಅಂಗಾದ್ರೆ ಗೆದ್ವಿ," ಎಂದು ನಕ್ಕರು.

ಆ ವರ್ಷ ಪೊಂಗಲ್ ಬರುವ ಮೊದಲೇ ಮಾಮ ಹೋಗಿಬಿಟ್ಟರು. ನಾನು ಅವರನ್ನು ಕಡೆಯ ಸಲ ಕಂಡದ್ದು ಕೊಂಬೈನ ಊಟದ ಪಂಕ್ತಿಯಲ್ಲೇ. ದೀಪ ಯಾರ ಕಣ್ಣಿಗೂ ಬೀಳಬಾರದು ಎನ್ನುತ್ತಿದ್ದ ಮನುಷ್ಯ, ಎಲೆಯ ಮೇಲಿನ ಅನ್ನ ಆರಲು ಬಿಟ್ಟು, ಸಾಂಬಾರು ಬಡಿಸುವವನ ಕೈ ಹಿಡಿದು ನಿಲ್ಲಿಸಿ, ವೇದಿಕೆಯ ಕಡೆ ಬೆರಳು ತೋರುತ್ತಿದ್ದರು:

"ಅದೋ ಆ ದೀಪ, ನಾ ಆರ್ಸಿ ಕೊಟ್ಟಿದ್ದು."