ನಾಲ್ಕನೇ ಪಾಳಿಯ ಅಪಸ್ವರ

2006ರಲ್ಲಿ ನಾನು ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿದ್ದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಆಡಿಯಾಲಜಿಸ್ಟ್ ಆಗಿದ್ದೆ. ಆಡಿಯಾಲಜಿಸ್ಟ್ ಎಂದರೆ ಕಿವಿಯ ಕೇಳುವ ಶಕ್ತಿಯನ್ನು ಪರೀಕ್ಷಿಸುವವರು. ಔಷಧಿ ಬರೆಯುವುದು, ಶಸ್ತ್ರಚಿಕಿತ್ಸೆ ಮಾಡುವುದು ಇ.ಎನ್.ಟಿ. ವೈದ್ಯರ ಕೆಲಸ. ಮೈಸೂರಿನಲ್ಲಿ ಓದು ಮುಗಿಸಿ, ಅಲ್ಲೇ ಕೆಲವು ವರ್ಷ ದುಡಿದು, ಗಂಡನಿಗೆ ದೋಹಾದ ವೆಸ್ಟ್ ಬೇಯ ಕಚೇರಿಯೊಂದರಲ್ಲಿ ನೌಕರಿ ಸಿಕ್ಕಿದ ಮೇಲೆ ನಾನೂ ಕತಾರಿಗೆ ಹೋದವಳು. ಆ ವರ್ಷ ಏಷ್ಯನ್ ಕ್ರೀಡಾಕೂಟದ ಸಿದ್ಧತೆಗಾಗಿ ಊರನ್ನೆಲ್ಲ ಅಗೆದು ಹಾಕಿದ್ದರು. ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಬಹಳ ಮಂದಿ ಡ್ರಿಲ್ಲಿಂಗ್ ಯಂತ್ರದ ಸದ್ದಿಗೆ ಕಿವಿ ಕೆಡಿಸಿಕೊಂಡ ಕಾರ್ಮಿಕರು. ರೋಗಿಗಳಾಗಿ ಬಂದ ರಾಕ್ ಬ್ಯಾಂಡಿನವರು ಒಂದೇ ತಂಡದವರು. ಅವರ ಹೆಸರುಗಳನ್ನು ಇಲ್ಲಿ ಬದಲಿಸಿದ್ದೇನೆ.

ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಐರಿನ್ ಎಂಬ ಉಡುಪಿ ಕಡೆಯ ಹೆಂಗಸು ಇದ್ದರು. ಒಂದು ಸಂಜೆ ಪಾಳಿ ಶುರುವಾಗುತ್ತಿದ್ದಂತೆ ನನ್ನ ಕೋಣೆಗೆ ಬಂದು, "ಮೇಡಂ, ಹೊರಗೆ ಇಬ್ಬರು ಯುರೋಪಿನವರು ಕೂತಿದ್ದಾರೆ. ಎಂತ ಜಗಳ ಮಾರಾಯ್ರೆ! ಇವನಿಗೆ ಕಿವಿ ಕೇಳುದಿಲ್ಲ ಅಂತ ಅವನು, ಅವನಿಗೆ ಕೇಳುದಿಲ್ಲ ಅಂತ ಇವನು. ನಾನು ಫೈಲ್ ಯಾರ ಹೆಸರಲ್ಲಿ ಮಾಡುದು?" ಎಂದರು.

"ಇಬ್ಬರದೂ ಮಾಡಿ" ಎಂದೆ.

ಒಳಗೆ ಬಂದವರಲ್ಲಿ ಎತ್ತರದವರು ಮಾರೆಕ್. ಹಾಡುವವರು, ಗಿಟಾರ್ ನುಡಿಸುವವರು. ದಪ್ಪಗಿದ್ದವರು ಯಾನುಷ್, ಡ್ರಮ್ಸ್ ಬಾರಿಸುವವರು. ಇಬ್ಬರೂ ನಲವತ್ತು ದಾಟಿದವರು. ವೆಸ್ಟ್ ಬೇಯ ಒಂದು ಹೋಟೆಲಿನಲ್ಲಿ ವಾರಕ್ಕೆ ಆರು ಸಂಜೆ ಅವರ ಕಾರ್ಯಕ್ರಮ. ಮಾರೆಕ್ ಕುರ್ಚಿಯಲ್ಲಿ ಕೂರುವ ಮೊದಲೇ ವಿಷಯಕ್ಕೆ ಬಂದರು. "ಡಾಕ್ಟರ್, ಇವನ ಕಿವಿ ನೋಡಿ. ಪಕ್ಕದಲ್ಲಿ ಬೇಸ್ ಗಿಟಾರ್ ಅಪಸ್ವರ ನುಡಿಯುತ್ತಿದ್ದರೂ ಇವನಿಗೆ ಗೊತ್ತಾಗುವುದಿಲ್ಲ. ಇಪ್ಪತ್ತು ವರ್ಷ ಡ್ರಮ್ಸ್ ಬಾರಿಸಿ ಕಿವುಡನಾಗಿದ್ದಾನೆ."

ಯಾನುಷ್ ಶಾಂತವಾಗಿ ಹೇಳಿದರು: "ನಾನು ಕೂರುತ್ತೇನೆ. ಆದರೆ ನನ್ನದಾದ ಮೇಲೆ ಅವನೂ ಕೂರಬೇಕು. ಇಲ್ಲದಿದ್ದರೆ ನಾನೂ ಇಲ್ಲ."

ಪರೀಕ್ಷೆಗೆ ಮುಂಚೆ ರೋಗಿಯ ಕೆಲಸದ ಹಿನ್ನೆಲೆ ಕೇಳುವುದು ನಮ್ಮ ಕ್ರಮ. ಹಾಗೆ ಕೇಳುತ್ತಾ ಅವರ ಬ್ಯಾಂಡಿನ ಕಥೆ ತಿಳಿಯಿತು. ದಕ್ಷಿಣ ಪೋಲೆಂಡಿನ ಕಲ್ಲಿದ್ದಲು ಗಣಿಯ ಊರು. ಒಂದೇ ಶಾಲೆಯಲ್ಲಿ ಓದಿದ ಮೂವರು ಹುಡುಗರು: ಮಾರೆಕ್, ಯಾನುಷ್, ಕೆಳಸ್ವರಗಳ ಬೇಸ್ ಗಿಟಾರ್ ನುಡಿಸುವ ಪಾವೆಲ್. ಅಪ್ಪಂದಿರು ಗಣಿಯಲ್ಲಿ ಮೂರು ಪಾಳಿಗಳಲ್ಲಿ ಇಳಿಯುತ್ತಿದ್ದರು. ಮಕ್ಕಳು ತಮ್ಮ ಬ್ಯಾಂಡಿಗೆ 'ನಾಲ್ಕನೇ ಪಾಳಿ' ಎಂದು ಹೆಸರಿಟ್ಟರು. ಗಣಿಯವರ ಸಾಂಸ್ಕೃತಿಕ ಭವನದ ನೆಲಮಾಳಿಗೆಯಲ್ಲಿ ತಾಲೀಮು. ಹಾಡಿನ ಸಾಹಿತ್ಯವನ್ನು ಸರ್ಕಾರದ ಸೆನ್ಸಾರ್ ಕಚೇರಿಗೆ ಒಪ್ಪಿಸಿ ಅನುಮತಿ ಪಡೆಯಬೇಕಿದ್ದ ಕಾಲ ಅದು. ಎಂಬತ್ತೊಂಬತ್ತರಲ್ಲಿ ಅಲ್ಲಿನ ಕಮ್ಯುನಿಸ್ಟ್ ಆಡಳಿತ ಬದಲಾಯಿತು, ಇವರ ಅದೃಷ್ಟವೂ ಬದಲಾಯಿತು. ಕ್ಯಾಸೆಟ್ಟುಗಳು ಬಂದವು, ಒಂದು ಹಾಡು ರೇಡಿಯೋದಲ್ಲಿ ದಿನವೂ ಕೇಳಿಬಂತು, ಬಯಲಿನಲ್ಲಿ ಸಾವಿರಾರು ಜನರ ಮುಂದೆ ಹಾಡಿದರು. ಆಮೇಲೆ ಜನರ ರುಚಿ ಬೇರೆಯಾಯಿತು. ಗಣಿ ಮುಚ್ಚಿತು. ಮದುವೆ ಮನೆಗಳಲ್ಲಿ ಹಾಡಿದರು. ಏಜೆನ್ಸಿಯ ಮೂಲಕ ಪ್ರವಾಸಿ ಹಡಗು ಹತ್ತಿದರು. ಹಡಗಿನಿಂದ ಕೊಲ್ಲಿಯ ಹೋಟೆಲುಗಳಿಗೆ ಬಂದರು. ಈಗ ಹಾಡುತ್ತಿದ್ದದ್ದು ಬೇರೆಯವರ ಇಂಗ್ಲಿಷ್ ಹಾಡುಗಳು. ಕೊನೆಗೊಂದು ಮಾತ್ರ ತಮ್ಮದು, ಅದೂ ಮ್ಯಾನೇಜರ್ ಒಪ್ಪಿದ ದಿನ.

"ಮೂರನೆಯವರು ಎಲ್ಲಿ?" ಎಂದು ಕೇಳಿದೆ.

"ಈಗ ಐರ್ಲೆಂಡಿನಲ್ಲಿ ಬಸ್ ಓಡಿಸುತ್ತಾನೆ" ಎಂದರು ಯಾನುಷ್, ನೆಲ ನೋಡುತ್ತಾ.

ಸೌಂಡ್‌ಪ್ರೂಫ್ ಕೋಣೆಯಲ್ಲಿ ಮೊದಲು ಯಾನುಷ್ ಕೂತರು. ಆಡಿಯೋಮೀಟರ್ ಎಂಬ ಯಂತ್ರದಿಂದ ಬೇರೆ ಬೇರೆ ಸ್ಥಾಯಿಯ ಸದ್ದುಗಳನ್ನು ಒಂದೊಂದು ಕಿವಿಗೆ ಕಳುಹಿಸಿ, ಎಷ್ಟು ಸಣ್ಣ ಸದ್ದು ಕೇಳಿಸುತ್ತದೆಂದು ಗುರುತಿಸಿಕೊಳ್ಳುತ್ತೇವೆ. ಅವರ ಗ್ರಾಫಿನಲ್ಲಿ 4000 ಹರ್ಟ್ಸ್ ಬಳಿ, ಎಂದರೆ ಮೇಲಿನ ಸ್ವರಗಳಲ್ಲಿ, ಒಂದು ಗುಂಡಿ ಕಂಡಿತು. ಸದ್ದಿನಲ್ಲಿ ದುಡಿಯುವವರಲ್ಲಿ ಅದು ಸಾಮಾನ್ಯ. ಕೆಳಗಿನ ಸ್ವರಗಳೆಲ್ಲ ಚೆನ್ನಾಗಿಯೇ ಇದ್ದವು. ಬೇಸ್ ಗಿಟಾರಿನ ಸ್ವರ ಅವರಿಗೆ ಕೇಳದೆ ಇರಲು ಕಾರಣವೇ ಇರಲಿಲ್ಲ.

ಆಮೇಲೆ ಕೂತ ಮಾರೆಕ್ ಅವರ ಎಡಗಿವಿ ಚೆನ್ನಾಗಿತ್ತು. ಬಲಗಿವಿಯ ಗ್ರಾಫ್ ತಲೆಕೆಳಗಾಗಿತ್ತು. ಸದ್ದಿನಿಂದ ಕೆಟ್ಟ ಕಿವಿಯಲ್ಲಿ ಮೇಲಿನ ಸ್ವರಗಳು ಮೊದಲು ಹೋಗುತ್ತವೆ. ಇವರದರಲ್ಲಿ ಹೋಗಿದ್ದವು ಕೆಳಗಿನವು. ನಾನು ಕೇಳಿದೆ: "ಬಲಗಿವಿ ಆಗಾಗ ಕಟ್ಟಿಕೊಂಡ ಹಾಗೆ ಆಗುತ್ತದೆಯೇ, ವಿಮಾನ ಇಳಿಯುವಾಗಿನ ಹಾಗೆ?"

"ಹಡಗಿನಲ್ಲಿ ಶುರುವಾಯಿತು. ಸಮುದ್ರದ ಗಾಳಿ ಅಂದುಕೊಂಡೆ."

"ತಲೆ ಸುತ್ತುವುದು?"

"ಇಲ್ಲಿಯ ಸೆಕೆಗೆ ಯಾರಿಗೆ ಸುತ್ತುವುದಿಲ್ಲ ಡಾಕ್ಟರ್?"

ನಾನು 250 ಹರ್ಟ್ಸಿನ ಒಂದು ಕೆಳಸ್ವರವನ್ನು ಎಡಗಿವಿಗೆ ಕೊಟ್ಟೆ. ನಂತರ ಅದೇ ಸ್ವರವನ್ನು, ಕೇಳಿಸುವಷ್ಟು ಜೋರು ಮಾಡಿ, ಬಲಗಿವಿಗೆ ಕೊಟ್ಟೆ. "ಎರಡೂ ಒಂದೆಯೋ?"

"ಇಲ್ಲ. ಎರಡನೆಯದು ಮೇಲಿದೆ. ಸುಮಾರು ಅರ್ಧ ಸ್ವರ" ಎಂದು ಸಂಗೀತಗಾರನ ಖಚಿತತೆಯಿಂದ ಹೇಳಿದರು. ಹಿಂದು ಮುಂದು ಮಾಡಿ ಕೊಟ್ಟೆ. ಪ್ರತಿ ಸಲವೂ ಅದೇ ಉತ್ತರ. ಇದನ್ನು ಡಿಪ್ಲಾಕ್ಯೂಸಿಸ್ ಎನ್ನುತ್ತಾರೆ: ಒಂದೇ ಸ್ವರ ಎರಡು ಕಿವಿಗೆ ಎರಡಾಗಿ ಕೇಳುವುದು.

ನಮ್ಮ ಇ.ಎನ್.ಟಿ. ವೈದ್ಯರು ಈಜಿಪ್ಟಿನವರು. ಅವರೂ ನೋಡಿ, ಬೇರೆ ಪರೀಕ್ಷೆಗಳನ್ನು ಮಾಡಿಸಿ, ಮೆನಿಯರ್ಸ್ ಕಾಯಿಲೆ ಎಂದು ತೀರ್ಮಾನಿಸಿದರು. ಒಳಕಿವಿಯ ದ್ರವದ ಒತ್ತಡ ಏರಿಳಿಯುವ ಕಾಯಿಲೆ ಅದು. ಒತ್ತಡ ಇಳಿದ ದಿನ ಕಿವಿ ಸರಿಯಾಗಿರುತ್ತದೆ, ಏರಿದ ದಿನ ಕೆಳಸ್ವರಗಳು ಮಂಕಾಗುತ್ತವೆ, ಓರೆಯಾಗುತ್ತವೆ. ಪೂರ್ತಿ ಗುಣವಾಗುವಂಥದ್ದಲ್ಲ, ಆದರೆ ಉಪ್ಪು ಕಡಿಮೆ ಮಾಡಿ ಔಷಧಿಯಿಂದ ಹತೋಟಿಯಲ್ಲಿ ಇಟ್ಟುಕೊಳ್ಳಬಹುದು.

ಇದನ್ನೆಲ್ಲ ವಿವರಿಸುತ್ತಿದ್ದಾಗ ಯಾನುಷ್ ಮುಖ ಮುಚ್ಚಿಕೊಂಡರು. ಮಾರೆಕ್ ಮಾತ್ರ ಒಪ್ಪಲಿಲ್ಲ. "ನಿಮ್ಮ ಯಂತ್ರದ ಬೀಪ್ ಬೀಪ್ ಸಂಗೀತವಲ್ಲ" ಎಂದು ಎದ್ದು ಹೋದರು.

ಯಾನುಷ್ ಹಿಂದೆ ಉಳಿದರು. ಪಾವೆಲ್ ಹೋದ ಕಥೆಯನ್ನು ಹೇಳಿದ್ದು ಆಗಲೇ. ಪಾವೆಲ್‌ನ ಬೇಸ್ ಗಿಟಾರಿಗೆ ವೀಣೆಗಿರುವಂಥ ಮೆಟ್ಟುಗಳಿರಲಿಲ್ಲ. ಪಿಟೀಲಿನ ಹಾಗೆ, ಬೆರಳು ಕೂತಲ್ಲಿ ಸ್ವರ. ವೇದಿಕೆಯಲ್ಲಿ ಅವನು ನಿಲ್ಲುತ್ತಿದ್ದದ್ದು ಮಾರೆಕ್‌ನ ಬಲಕ್ಕೆ. ಕೆಲವು ದಿನ ಸರಿ, ಕೆಲವು ದಿನ ಅಪಸ್ವರ ಎಂದು ಮಾರೆಕ್ ಬೈಯುತ್ತಿದ್ದ. ಕುಡಿದು ಬರುತ್ತಾನೆ ಎಂದ, ಬೆರಳು ಸೋತಿವೆ ಎಂದ. ಹಿಂದಿನ ವರ್ಷ ಒಂದು ಸಂಜೆ, ತುಂಬಿದ ಸಭೆಯ ಎದುರು, ಹಾಡಿನ ಮಧ್ಯೆ ಪಾವೆಲ್‌ನ ಗಿಟಾರಿನ ಕೇಬಲ್ ಕಿತ್ತು ಎಸೆದ. "ಖಲಾಸ್!" ಎಂದು ಮೈಕಿನಲ್ಲೇ ಅರಬ್ಬಿಯಲ್ಲಿ ಕೂಗಿದ. ಜನ ತಮಾಷೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಪಾವೆಲ್ ಆ ವಾರವೇ ಕತಾರ್ ಬಿಟ್ಟ.

"ಈಗ ಒಬ್ಬ ಫಿಲಿಪಿನೋ ಹುಡುಗ ನುಡಿಸುತ್ತಾನೆ" ಎಂದರು ಯಾನುಷ್. "ಅವನ ಗಿಟಾರಿಗೆ ಮೆಟ್ಟುಗಳಿವೆ. ಸ್ವರ ಅಷ್ಟು ಸುಲಭಕ್ಕೆ ಜಾರುವುದಿಲ್ಲ. ಆದರೂ ಮಾರೆಕ್ ಅದೇ ದೂರು ಶುರು ಮಾಡಿದ. ನನಗೆ ಆಗ ಅನುಮಾನ ಬಂತು. ನಾವು ತಾಲೀಮು ಮಾಡುತ್ತಿದ್ದ ನಮ್ಮ ಊರಿನ ಭವನ ರಿಪೇರಿಯಾಗಿ ಮತ್ತೆ ತೆರೆಯುತ್ತಿದೆ. ಶರತ್ಕಾಲದಲ್ಲಿ ನಾವು ಮೂವರೇ ಬಂದು ಹಾಡಬೇಕಂತೆ. ಪಾವೆಲ್ ಇಲ್ಲದೆ ಅದು ಆಗುವುದಿಲ್ಲ ಡಾಕ್ಟರ್."

ಯಂತ್ರವನ್ನು ಒಪ್ಪದವರಿಗೆ ಸಂಗೀತದಲ್ಲೇ ತೋರಿಸೋಣವೆಂದು ಆ ಶುಕ್ರವಾರ ಮಧ್ಯಾಹ್ನ ನಾನು ಹೋಟೆಲಿನಲ್ಲಿ ಅವರ ತಾಲೀಮಿಗೆ ಹೋದೆ. "ನೀನು ಕಿವಿ ನೋಡೋಳೋ, ಪಂಚಾಯಿತಿ ಮಾಡೋಳೋ?" ಎಂದು ಗೊಣಗುತ್ತಲೇ ನನ್ನ ಗಂಡ ಕಾರು ತಂದರು. ಖಾಲಿ ಹಾಲ್, ಮೇಜುಗಳ ಮೇಲೆ ಕುರ್ಚಿಗಳನ್ನು ಬೋರಲು ಹಾಕಿದ್ದರು. ಮಾರೆಕ್ ನನ್ನನ್ನು ಕಂಡು ಮುಖ ಗಂಟಿಕ್ಕಿದರು. ಕಿವಿ ಕಟ್ಟಿಕೊಂಡಿದೆಯೇ ಎಂದರೆ ಹೌದೆಂದು ತಲೆಯಾಡಿಸಿದರು. ನಾನು ಜೊತೆಗೆ ತಂದಿದ್ದ ಮೆತ್ತನೆಯ ಸಿಲಿಕೋನ್ ಬಿರಡೆಯನ್ನು ಅವರ ಬಲಗಿವಿಗೆ ತುಂಬಿ, ಅದರ ಮೇಲೆ ಅಂಗೈ ಒತ್ತಿಕೊಳ್ಳಲು ಹೇಳಿದೆ. ಹುಡುಗ ಮೆಲ್ಲಗೆ ಒಂದು ಸಾಲು ನುಡಿಸಿದ.

ಮಾರೆಕ್ ಕೈ ತೆಗೆದರು, ಬಿರಡೆ ತೆಗೆದರು. ಇನ್ನೊಮ್ಮೆ ನುಡಿಸು ಎಂದರು. ಮತ್ತೆ ಹಾಕಿಕೊಂಡು ಕೇಳಿದರು. ಮತ್ತೆ ತೆಗೆದರು. ಬಲಗಿವಿ ಮುಚ್ಚಿದಾಗ ಸರಿಯಿದ್ದ ಸ್ವರ ತೆರೆದಾಗ ಓರೆಯಾಗುತ್ತಿತ್ತು. ಹುಡುಗ ಗಾಬರಿಯಿಂದ ಯಾನುಷ್ ಕಡೆ ನೋಡುತ್ತಿದ್ದ. ಕೊನೆಗೆ ಮಾರೆಕ್ ವೇದಿಕೆಯ ಅಂಚಿನಲ್ಲಿ ಕೂತರು. "ಪಾವೆಲ್" ಎಂದರು. ಅಷ್ಟೇ. ನನ್ನ ಗಂಡ ಬಾಗಿಲ ಬಳಿಯಿಂದ ಮೆಲ್ಲಗೆ ಹೊರಗೆ ನಡೆದರು.

ಮರುದಿನ ಇಬ್ಬರೂ ಕ್ಲಿನಿಕ್ಕಿಗೆ ಬಂದರು. ಮಾರೆಕ್ ಒಂದು ಕೋರಿಕೆ ಮುಂದಿಟ್ಟರು. "ಅವನಿಗೆ ನೀವು ಹೇಳಿ. ನಾನು ಹೇಳಿದರೆ ನೆಪ ಅಂದುಕೊಳ್ಳುತ್ತಾನೆ." ರೋಗಿಯ ವಿಷಯವನ್ನು ಮೂರನೆಯವರಿಗೆ ಹೇಳುವುದು ನಮ್ಮ ವೃತ್ತಿಯಲ್ಲಿ ಸಲ್ಲದು, ಆದರೆ ರೋಗಿಯೇ ಎದುರು ಕೂತು ಕೇಳಿಕೊಂಡದ್ದರಿಂದ ಒಪ್ಪಿದೆ. ಐರಿನ್ ಫೋನ್ ಹಚ್ಚಿಕೊಟ್ಟು ಬಾಗಿಲು ಎಳೆದುಕೊಂಡರು. ಸ್ಪೀಕರ್ ಹಾಕಿದೆ.

ಪಾವೆಲ್ ದನಿ ಮೃದುವಾಗಿತ್ತು. ನಾನು ಹೇಳಿದ್ದನ್ನೆಲ್ಲ ಒಂದೂ ಅಡ್ಡಮಾತಿಲ್ಲದೆ ಕೇಳಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಅವನ ಕಿವಿ ಪೂರ್ತಿ ಹೋಗುತ್ತದೆಯೇ?"

"ಈಗಲೇ ಹೇಳಲಾಗದು. ಒಂದು ಕಿವಿ ಚೆನ್ನಾಗಿದೆ" ಎಂದೆ.

ಮಾರೆಕ್ ಫೋನಿನ ಹತ್ತಿರ ಬಾಗಿ ಪೋಲಿಷ್ ಭಾಷೆಯಲ್ಲಿ ಮಾತಾಡತೊಡಗಿದರು. ನನಗೆ ತಿಳಿದದ್ದು ಅಳು ಮಾತ್ರ. ಅತ್ತ ಕಡೆಯಿಂದ ಪಾವೆಲ್ ಉತ್ತರಿಸಿದರು. ಯಾನುಷ್ ಅದನ್ನು ನನಗೆ ಪಿಸುದನಿಯಲ್ಲಿ ಇಂಗ್ಲಿಷಿಗೆ ತಿರುಗಿಸಿದರು.

"ನಾನು ನಿನ್ನನ್ನು ನಂಬಿಬಿಟ್ಟೆ, ಮಾರೆಕ್. ಶಾಲೆಯ ದಿನಗಳಿಂದ ನಿನ್ನ ಕಿವಿ ಒಮ್ಮೆಯೂ ತಪ್ಪಿರಲಿಲ್ಲ. ನನಗೆ ಸರಿ ಅನಿಸಿದ್ದು ನಿನಗೆ ತಪ್ಪು ಅನಿಸಿದರೆ, ನಾನೇ ಕೆಟ್ಟಿದ್ದೇನೆ ಅಂದುಕೊಂಡೆ. ಇಲ್ಲಿಗೆ ಬಂದ ಮೇಲೂ ನುಡಿಸಲು ನೋಡಿದೆ. ಬೆರಳು ಎಲ್ಲಿಟ್ಟರೂ ಅನುಮಾನ. ಗಿಟಾರ್ ಕೊಟ್ಟುಬಿಟ್ಟೆ."

"ಬೇರೆ ತರೋಣ. ಊರಿಗೆ ಬಾ. ಒಂದೇ ಸಲ ನುಡಿಸೋಣ" ಎಂದರು ಮಾರೆಕ್.

"ನಿನ್ನ ಮೇಲೆ ಕೋಪವಿಲ್ಲ. ಆದರೆ ಆಗುವುದಿಲ್ಲ ಕಣೋ. ನನಗೀಗ ಕೇಳುವುದಿಲ್ಲ."

ಆ ಕೊನೆಯ ಮಾತನ್ನು ಯಾನುಷ್ ಅನುವಾದಿಸಿದಾಗ ನಾನು ಅಭ್ಯಾಸಬಲದಿಂದ ಪಾವೆಲ್ ಅವರನ್ನೂ ಪರೀಕ್ಷಿಸಬೇಕು ಎಂದು ಯೋಚಿಸಿದೆ. ಮರುಕ್ಷಣ ಅರ್ಥವಾಯಿತು. ಅವರ ಕಿವಿ ಚೆನ್ನಾಗಿಯೇ ಇತ್ತು. ಅದನ್ನು ನಂಬುವ ಧೈರ್ಯ ಹೋಗಿತ್ತು.

ಶರತ್ಕಾಲದಲ್ಲಿ ಅವರ ಊರಿನ ಭವನ ತೆರೆಯಿತು. 'ನಾಲ್ಕನೇ ಪಾಳಿ' ಅಲ್ಲಿ ಹಾಡಲಿಲ್ಲ. ಬೇರೆ ಬೇಸ್ ವಾದಕನನ್ನು ಕರೆದು ಹಾಡಬಹುದಿತ್ತು, ಮಾರೆಕ್ ಒಪ್ಪಲಿಲ್ಲವಂತೆ. ಹೋಟೆಲಿನ ಕರಾರು ಮುಗಿಯುವವರೆಗೆ ಮಾರೆಕ್ ನಮ್ಮಲ್ಲಿ ಚಿಕಿತ್ಸೆಗೆ ಬರುತ್ತಿದ್ದರು. ತಲೆಸುತ್ತು ಕಡಿಮೆಯಾಯಿತು, ಕಿವಿ ಮಾತ್ರ ಅಷ್ಟಕ್ಕಷ್ಟೇ. ಬರುವಾಗಲೆಲ್ಲ ಮೊದಲು ಐರಿನ್‌ಗೆ ನಮಸ್ಕಾರ ಹೇಳಿ, ಮೂಲೆಯ ಕುರ್ಚಿಯಲ್ಲಿ ಕೂರುತ್ತಿದ್ದರು. ಕೊನೆಯ ಸಲ ಬಂದಾಗ, "ನನಗೆ ಕಿವಿ ಹೋದದ್ದಕ್ಕೆ ದುಃಖವಿಲ್ಲ ಡಾಕ್ಟರ್. ಅಷ್ಟು ದಿನ ಅವನು ಒಂದು ಸಲವಾದರೂ ನನಗೆ ತಿರುಗಿ ಬೈದಿದ್ದರೆ!" ಎಂದರು.

ಯಾನುಷ್ ಕೆಲವು ವರ್ಷ ಕ್ರಿಸ್ಮಸ್ಸಿಗೆ ನನಗೆ ಫೋನ್ ಮಾಡುತ್ತಿದ್ದರು. ಮಾರೆಕ್ ಊರಿನ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತಾರಂತೆ. ರಜೆಯಲ್ಲಿ ಪಾವೆಲ್ ಬರುತ್ತಾರಂತೆ. ಮೂವರೂ ಯಾನುಷ್ ಮನೆಯಲ್ಲಿ ಕೂತು ಊಟ ಮಾಡುತ್ತಾರೆ, ಹಳೆಯ ಹಡಗಿನ ಕಥೆ ಹೇಳಿ ನಗುತ್ತಾರೆ. "ರೇಡಿಯೋ ಮಾತ್ರ ಹಾಕುವುದಿಲ್ಲ" ಎಂದಿದ್ದರು ಒಮ್ಮೆ.

ನಾನು ನಿವೃತ್ತಳಾಗಿ ಈಗ ಮೈಸೂರಿನಲ್ಲಿದ್ದೇನೆ. ಆ ಘಟನೆಯ ನಂತರ ದೋಹಾದಲ್ಲಾಗಲಿ ಇಲ್ಲಿಯಾಗಲಿ, ಒಬ್ಬರು ಇನ್ನೊಬ್ಬರನ್ನು ಕರೆತಂದು "ಇವರಿಗೆ ಕೇಳಿಸುವುದಿಲ್ಲ" ಎಂದಾಗಲೆಲ್ಲ ಇಬ್ಬರನ್ನೂ ಪರೀಕ್ಷೆಗೆ ಕೂರಿಸುತ್ತಿದ್ದೆ. ಅದನ್ನು ಕಲಿಸಿದವರು ಯಾನುಷ್. ಪಾವೆಲ್‌ನಿಂದ ಕಲಿತದ್ದು ಇನ್ನೊಂದು. ಕಿವಿ ಎಷ್ಟು ಕೆಟ್ಟಿದೆ ಎಂದು ಯಂತ್ರ ಹೇಳುತ್ತದೆ; ತಪ್ಪು ನಿನ್ನದೇ ಎಂದು ದಿನವೂ ಕೇಳಿಸಿಕೊಂಡ ಮನುಷ್ಯನಿಗೆ ಏನಾಗಿದೆ ಎಂದು ಅದು ಹೇಳುವುದಿಲ್ಲ. ಹಾಗಾಗಿ ಕರೆತಂದವರನ್ನು ಸ್ವಲ್ಪ ಹೊತ್ತು ಹೊರಗೆ ಕಳುಹಿಸಿ, ಒಳಗೆ ಉಳಿದವರನ್ನು ಒಂದು ಮಾತು ಕೇಳುತ್ತಿದ್ದೆ: "ನಿಮಗೆ ಏನು ಅನಿಸುತ್ತೆ?" ಎಷ್ಟೋ ಜನ ಉತ್ತರ ಕೊಡುವ ಮೊದಲು ಮುಚ್ಚಿದ ಬಾಗಿಲ ಕಡೆ ಒಮ್ಮೆ ತಿರುಗಿ ನೋಡುತ್ತಿದ್ದರು.